10 ಲಕ್ಷದ ಯೂನಿಟ್ ಮಾರುವ ಆ್ಯಪ್: ಕಟ್ಟಡದ ಕಾರ್ಡಿನಲ್ಲಿ ಮೊದಲು ಯಾವ ಸಂಖ್ಯೆ ಕಾಣಬೇಕು?

ಮಲ್ನಾಡ್_ಡಿಸೈನರ್ (ಪ್ರಶ್ನೆ)

ನಮಸ್ಕಾರ. ಎಸ್‌ಎಂ ರೀಟ್ (ಹಲವರು ಹಣ ಸೇರಿಸಿ ಕಟ್ಟಡ ಕೊಂಡು ಬಾಡಿಗೆ ಹಂಚಿಕೊಳ್ಳುವ ಸಣ್ಣ, ಮಧ್ಯಮ ಗಾತ್ರದ ಟ್ರಸ್ಟ್) ಯೋಜನೆಗಳಿಗೆ ಹೂಡಿಕೆದಾರರ ಆ್ಯಪ್ ಒಂದರ ವಿನ್ಯಾಸ ನಡೆಯುತ್ತಿದೆ. ಹೊಸಬರಿಗಾಗಿ ಎರಡು ಮಾತು: 2024ರ ಮಾರ್ಚ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತನ್ನ ರೀಟ್ ನಿಯಮಗಳಿಗೆ ತಿದ್ದುಪಡಿ ತಂದು, 50 ಕೋಟಿಯಿಂದ 500 ಕೋಟಿ ರೂಪಾಯಿಯೊಳಗಿನ ಆಸ್ತಿಗಳನ್ನೂ ಯೂನಿಟ್‌ಗಳಾಗಿ ಮಾಡಿ ಷೇರುಪೇಟೆಯಲ್ಲಿ ಪಟ್ಟಿ ಮಾಡಲು ಅವಕಾಶ ಕೊಟ್ಟಿತು. ಕನಿಷ್ಠ ಹೂಡಿಕೆ 10 ಲಕ್ಷ. ಪ್ರತಿ ಯೋಜನೆಯಲ್ಲೂ ಕನಿಷ್ಠ 200 ಹೂಡಿಕೆದಾರರು ಇರಬೇಕು. ಆಸ್ತಿಯ ಶೇ 95 ಭಾಗ, ಕಟ್ಟಿ ಮುಗಿದು ಬಾಡಿಗೆ ಬರುತ್ತಿರುವ ಕಟ್ಟಡಗಳಲ್ಲೇ ಇರಬೇಕು.

ಬಳಕೆದಾರರು ಹುಬ್ಬಳ್ಳಿ, ದಾವಣಗೆರೆ, ಮೈಸೂರು, ಮಂಗಳೂರು ಕಡೆಯವರು, 45ರಿಂದ 65 ವಯಸ್ಸಿನವರು. ಸೈಟು, ಮಳಿಗೆ, ಎಫ್‌ಡಿ ಚೆನ್ನಾಗಿ ಗೊತ್ತು, ಷೇರುಪೇಟೆಯ ಪರಿಚಯ ಕಡಿಮೆ. ಕಟ್ಟಡಗಳು ಬೆಂಗಳೂರಿನ ಕಚೇರಿ ಕಟ್ಟಡಗಳು. ಈಗಿನ ಕರಡಿನಲ್ಲಿ ಕಾರ್ಡ್ ಹೀಗಿದೆ: ಮೇಲೆ ಕಟ್ಟಡದ ಚಿತ್ರ, ದಪ್ಪಕ್ಷರದಲ್ಲಿ "ಗುರಿ ಐಆರ್‌ಆರ್ 13%" (ಬಾಡಿಗೆ, ಕೊನೆಗೆ ಮಾರಿದ ಹಣ ಎರಡೂ ಸೇರಿಸಿದ ವಾರ್ಷಿಕ ಲಾಭದ ಅಂದಾಜು), ಅದರ ಕೆಳಗೆ "ಇಳುವರಿ 8.5%", ಎಷ್ಟು ಭಾಗ ಯೂನಿಟ್‌ಗೆ ಅರ್ಜಿ ಬಂದಿದೆ ಎಂಬ ಹಸಿರು ಪಟ್ಟಿ, ಕೊನೆಗೆ "ಈಗಲೇ ಹೂಡಿ" ಗುಂಡಿ.

ಪರೀಕ್ಷೆಯಲ್ಲಿ ಜನ ಮೂರು ಕಡೆ ನಿಲ್ಲುತ್ತಿದ್ದಾರೆ. ಒಂದು, "ಇದು ನನ್ನ ಹೆಸರಿಗೆ ರಿಜಿಸ್ಟ್ರೇಷನ್ ಆಗುತ್ತಾ, ಖಾತೆ ಮಾಡಿಕೊಡ್ತೀರಾ?" ಎಂದು ಕೇಳಿ ಅಲ್ಲೇ ಬಿಟ್ಟುಬಿಡುತ್ತಾರೆ. ಎರಡು, ಡಿಮ್ಯಾಟ್ (ಷೇರು, ಯೂನಿಟ್ ಇಡುವ ಖಾತೆ) ಸಂಖ್ಯೆ ಕೇಳುವ ಪರದೆ. ಮೂರು, ಹಣ ಕಟ್ಟುವ ಪರದೆ. ಕನ್ನಡ ಆವೃತ್ತಿಯ ಮೇಲೂ ದೂರುಗಳಿವೆ: "ಓದೋಕೆ ಆಗಲ್ಲ", "ಅರ್ಥ ಆಗಲ್ಲ". ಈ ಕೆಲಸ ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಬಾಡಿಗೆ_ಲೆಕ್ಕ

ಮೊದಲು ಕಾರ್ಡಿನ ಸಂಖ್ಯೆ ಸರಿಮಾಡಿ, ಉಳಿದದ್ದು ಆಮೇಲೆ. 8.5 ಎಂಬುದು ಕಟ್ಟಡದ ಬೆಲೆಯ ಮೇಲಿನ ಲೆಕ್ಕ. ಹೂಡುವವರು ಕಟ್ಟಡದ ಬೆಲೆಯನ್ನಷ್ಟೇ ಕೊಡುತ್ತಿಲ್ಲ, ಅದಕ್ಕಿಂತ ಹೆಚ್ಚು ಕೊಡುತ್ತಿದ್ದಾರೆ. ಒಂದು ಮಾದರಿ ಲೆಕ್ಕ ನೋಡಿ.

83,333 ಚದರ ಅಡಿಯ ಕಟ್ಟಡ, ಅಡಿಗೆ 12,000ದಂತೆ ಬೆಲೆ 100 ಕೋಟಿ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿದರೆ ನಗರ ಪ್ರದೇಶದಲ್ಲಿ ಶೇ 7.6, ಅಂದರೆ 7.6 ಕೋಟಿ. ದಾಖಲೆ ಪರಿಶೀಲನೆ, ವಿತರಣೆಯ ಖರ್ಚು, ಮೀಸಲು ನಿಧಿಗೆ 2.4 ಕೋಟಿ ಇಡಿ. ಜನರಿಂದ ಎತ್ತಬೇಕಾದ್ದು 110 ಕೋಟಿ, ಅಂದರೆ 10 ಲಕ್ಷದ 1,100 ಯೂನಿಟ್.

ಬಾಡಿಗೆ ಅಡಿಗೆ ತಿಂಗಳಿಗೆ 85 ರೂಪಾಯಿ, ವರ್ಷಕ್ಕೆ 8.5 ಕೋಟಿ. ಇದರಲ್ಲಿ ಆಸ್ತಿ ತೆರಿಗೆ, ವಿಮೆ, ಬಾಡಿಗೆದಾರರಿಂದ ವಸೂಲಾಗದ ನಿರ್ವಹಣೆಗೆ 50 ಲಕ್ಷ, ವ್ಯವಸ್ಥಾಪಕರ ಶುಲ್ಕ 60 ಲಕ್ಷ, ಟ್ರಸ್ಟಿ ಮತ್ತು ಆಡಿಟ್‌ಗೆ 20 ಲಕ್ಷ ಕಳೆಯಿರಿ. ಹಂಚಲು ಉಳಿಯುವುದು 7.2 ಕೋಟಿ. ಒಂದು ಯೂನಿಟ್‌ಗೆ ವರ್ಷಕ್ಕೆ 65,454 ರೂಪಾಯಿ, ಅಂದರೆ ಶೇ 6.5. ಅದೇ ಕಟ್ಟಡ, ಅದೇ ಬಾಡಿಗೆ, ಆದರೆ 8.5 ಎಲ್ಲಿ, 6.5 ಎಲ್ಲಿ!

ಹಾಗಾಗಿ ಕಾರ್ಡಿನ ಮೊದಲ ಸಾಲು ರೂಪಾಯಿಯಲ್ಲೇ ಇರಲಿ: "10 ಲಕ್ಷ ಹೂಡಿದರೆ ಮೂರು ತಿಂಗಳಿಗೊಮ್ಮೆ ಸುಮಾರು ₹16,350, ತೆರಿಗೆಗೆ ಮುನ್ನ". ಅದನ್ನು ಒತ್ತಿದರೆ ಮೇಲಿನ ಕಳೆಯುವ ಲೆಕ್ಕ ಸಾಲುಸಾಲಾಗಿ ತೆರೆದುಕೊಳ್ಳಲಿ. ಮಳಿಗೆ ಬಾಡಿಗೆಗೆ ಕೊಟ್ಟವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. "ತೆರಿಗೆಗೆ ಮುನ್ನ" ಎಂಬುದು ತಿಳಿಬೂದು ಬಣ್ಣದ ಚಿಕ್ಕಕ್ಷರದಲ್ಲಿ ಬೇಡ, ಅದೇ ಸಾಲಿನಲ್ಲಿ ಅದೇ ಗಾತ್ರದಲ್ಲಿ ಇರಲಿ. ಬರುವ ಹಣದಲ್ಲಿ ಬಡ್ಡಿ, ಲಾಭಾಂಶ, ಟ್ರಸ್ಟ್ ಕಟ್ಟಡದ ಕಂಪನಿಗೆ ಕೊಟ್ಟ ಸಾಲದ ಮರುಪಾವತಿ ಎಂದು ಬೇರೆಬೇರೆ ಭಾಗಗಳಿರುತ್ತವೆ, ಒಂದೊಂದಕ್ಕೂ ತೆರಿಗೆ ಬೇರೆ. ಬಡ್ಡಿ ಭಾಗದಲ್ಲಿ ನಿವಾಸಿಗಳಿಗೆ ಶೇ 10 ಟಿಡಿಎಸ್ ಕಡಿತವಾಗುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ಮೊದಲ ತ್ರೈಮಾಸಿಕದಲ್ಲೇ "ದುಡ್ಡು ಕಡಿಮೆ ಬಂದಿದೆ" ಎಂಬ ಕರೆಗಳು ಶುರುವಾಗುತ್ತವೆ.

ಐಆರ್‌ಆರ್ 13ನ್ನು ಕಾರ್ಡಿನಿಂದ ಪೂರ್ತಿ ತೆಗೆಯಿರಿ. ಅದರ ಬಹುಭಾಗ ನಿಂತಿರುವುದು ಐದನೇ ವರ್ಷ ಕಟ್ಟಡ ಎಷ್ಟಕ್ಕೆ ಹೋಗುತ್ತದೆ ಎಂಬ ಊಹೆಯ ಮೇಲೆ. ಇದೇ ಮಾದರಿಯಲ್ಲಿ ಬಾಡಿಗೆ ಒಮ್ಮೆ ಶೇ 15 ಏರಿತು ಎನ್ನಿ: 9.775 ಕೋಟಿ, ಕಟ್ಟಡದ ಖರ್ಚು 50 ಲಕ್ಷ ಕಳೆದರೆ 9.275 ಕೋಟಿ. ಕೊಳ್ಳುವವರು ಈ ಆದಾಯ ತಾವು ಕೊಡುವ ಬೆಲೆಯ ಶೇ 8 ಇರಬೇಕು ಎಂದು ಲೆಕ್ಕ ಹಾಕಿದರೆ ಕಟ್ಟಡಕ್ಕೆ ಸುಮಾರು 116 ಕೋಟಿ, ಯೂನಿಟ್‌ಗೆ 10.54 ಲಕ್ಷ. ಶೇ 9 ಎಂದು ಹಾಕಿದರೆ 103 ಕೋಟಿ, ಯೂನಿಟ್‌ಗೆ 9.37 ಲಕ್ಷ. ಬಾಡಿಗೆ ಏರಿದರೂ ಅಸಲು ಕರಗಿತು. ಒಂದು ಶೇಕಡಾ ಊಹೆ ಆಚೀಚೆಯಾದರೆ ಇಷ್ಟು ಬದಲಾಗುವ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕುವುದು ಸರಿಯಲ್ಲ. ವಿವರದ ಪುಟದಲ್ಲಿ ಈ ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಡಿ.

ಇನ್ನೊಂದು ವಿಷಯ, ಬಾಡಿಗೆ ಕರಾರು. "ಸರಾಸರಿ ಉಳಿದ ಅವಧಿ 6.2 ವರ್ಷ" ಎಂದು ಬರೆಯುವುದು ಈ ರಂಗದ ರೂಢಿ. ಆದರೆ 9 ವರ್ಷದ ಕರಾರಿನಲ್ಲಿ ಬಾಡಿಗೆದಾರ ಕಂಪನಿ ಬಿಡುವಂತಿಲ್ಲದ ಅವಧಿ (ಲಾಕ್‌ಇನ್) ಸಾಮಾನ್ಯವಾಗಿ ಮೊದಲ 3 ವರ್ಷ ಮಾತ್ರ. ಆಮೇಲೆ ಕೆಲವು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. 6.2 ವರ್ಷ ಎಂದು ಓದಿದವರಿಗೆ, ಲಾಕ್‌ಇನ್ 2 ತಿಂಗಳಲ್ಲಿ ಮುಗಿಯುತ್ತದೆ ಎಂಬುದು ಗೊತ್ತಾಗುವುದೇ ಇಲ್ಲ. ಪ್ರತಿ ಬಾಡಿಗೆದಾರರಿಗೂ ಒಂದು ಅಡ್ಡಪಟ್ಟಿ ಬರೆಯಿರಿ: ಬಿಡುವಂತಿಲ್ಲದ ಅವಧಿ ಗಾಢ ಬಣ್ಣ, ನೋಟಿಸ್ ಕೊಟ್ಟು ಬಿಡಬಹುದಾದ ಅವಧಿ ಗೆರೆಗೆರೆ, ಬಾಡಿಗೆ ಏರುವ ತಿಂಗಳಿಗೊಂದು ಗುರುತು. ಪಟ್ಟಿಯ ಎತ್ತರ ಆ ಬಾಡಿಗೆದಾರರಿಂದ ಬರುವ ಬಾಡಿಗೆಯ ಪಾಲಿಗೆ ತಕ್ಕಂತೆ ಇರಲಿ. ಒಬ್ಬರಿಂದಲೇ ಶೇ 60 ಬರುತ್ತಿದ್ದರೆ ಅದು ಹೇಳದೆಯೇ ಕಾಣುತ್ತದೆ.

ಒತ್ತಕ್ಷರ

ಲೆಕ್ಕದ ವಿಷಯ ಮೇಲಿನವರು ಹೇಳಿದ್ದಾರೆ. ಭಾಷೆಯ ಬಗ್ಗೆ ನನ್ನ ಮಾತು.

"ಇಳುವರಿ" ತೆಗೆಯಿರಿ. ದಾವಣಗೆರೆಯವರಿಗೆ ಇಳುವರಿ ಎಂದರೆ ಎಕರೆಗೆ ಎಷ್ಟು ಕ್ವಿಂಟಲ್ ಎಂದು. "ವರ್ಷದ ಆದಾಯ" ಸಾಕು. "ದ್ರವ್ಯತೆ" ಎಂದು ಎಲ್ಲಾದರೂ ಹಾಕಿದ್ದರೆ "ಬೇಕಾದಾಗ ಮಾರಲು ಆಗುತ್ತದೆಯೇ" ಎಂದು ಬರೆಯಿರಿ. ಅದಕ್ಕಿಂತ ಅಪಾಯಕಾರಿ ಪದ "ಲೀಸ್". ಬೆಂಗಳೂರು, ಮೈಸೂರಿನಲ್ಲಿ ಲೀಸ್‌ಗೆ ಕೊಡುವುದೆಂದರೆ ಒಟ್ಟಿಗೆ ಇಷ್ಟು ಲಕ್ಷ ಪಡೆದು ತಿಂಗಳ ಬಾಡಿಗೆ ಇಲ್ಲದೆ ಮನೆ ಕೊಡುವುದು, ಭೋಗ್ಯದ ಹಾಗೆ. "ಕಟ್ಟಡ ಪೂರ್ತಿ ಲೀಸ್ ಆಗಿದೆ" ಎಂದು ಓದಿದವರು, ಹಾಗಾದರೆ ತಿಂಗಳ ಬಾಡಿಗೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. "ಬಾಡಿಗೆಗೆ ಹೋಗಿದೆ" ಎನ್ನಿ.

"ಖಾತೆ" ಇನ್ನೂ ತೊಡಕು. ನಿಮ್ಮ ಆ್ಯಪಿನಲ್ಲಿ ಬ್ಯಾಂಕ್ ಖಾತೆ, ಡಿಮ್ಯಾಟ್ ಖಾತೆ, ಲಾಗಿನ್ ಖಾತೆ, ಕಟ್ಟಡದ ಖಾತೆ ನಾಲ್ಕೂ ಬರುತ್ತವೆ. ಬರಿಯ "ಖಾತೆ" ಎಂಬ ಪದ ಯಾವ ಪರದೆಯಲ್ಲೂ ಒಂಟಿಯಾಗಿ ಇರಬಾರದು. "ಖಾತೆ ತೆರೆಯಿರಿ" ಎಂಬ ಗುಂಡಿಯನ್ನು ಆಸ್ತಿಯ ಖಾತೆ ಎಂದು ಓದಿಕೊಳ್ಳುವ ಸಾಧ್ಯತೆ ಬಹಳ. ಲಾಗಿನ್‌ಗೆ "ನೋಂದಣಿ" ಎನ್ನುವುದೂ ಬೇಡ, ಆಸ್ತಿ ವ್ಯವಹಾರದಲ್ಲಿ ಅದು ಸಬ್ ರಿಜಿಸ್ಟ್ರಾರ್ ಕಚೇರಿಯ ಪದ. "ಮೊಬೈಲ್ ಸಂಖ್ಯೆಯಿಂದ ಒಳಬನ್ನಿ" ಎಂದರೆ ಗೊಂದಲವಿಲ್ಲ.

ರಿಜಿಸ್ಟ್ರೇಷನ್ ಪ್ರಶ್ನೆಯನ್ನು ಪ್ರಶ್ನೋತ್ತರ ಪುಟಕ್ಕೆ ತಳ್ಳದೆ ಕಾರ್ಡಿನ ಕೆಳಗೇ ಉತ್ತರಿಸಿ. ಉತ್ತರ "ಇಲ್ಲ" ಎಂಬ ಪದದಿಂದ ಶುರುವಾಗಬೇಕು. "ಇಲ್ಲ, ಆಸ್ತಿ ನಿಮ್ಮ ಹೆಸರಿಗೆ ನೋಂದಣಿಯಾಗುವುದಿಲ್ಲ. ಕಟ್ಟಡದ ಕ್ರಯಪತ್ರ ಮತ್ತು ಖಾತೆ ಒಂದು ಕಂಪನಿಯ ಹೆಸರಲ್ಲಿ. ಆ ಕಂಪನಿಯ ಷೇರುಗಳು ಟ್ರಸ್ಟ್ ಹೆಸರಲ್ಲಿ. ಆ ಟ್ರಸ್ಟಿನ ಯೂನಿಟ್‌ಗಳು ನಿಮ್ಮ ಡಿಮ್ಯಾಟ್‌ನಲ್ಲಿ." ಮೂರು ಮೆಟ್ಟಿಲಿನ ಚಿತ್ರ ಪಕ್ಕದಲ್ಲಿರಲಿ. ಅದರ ಕೆಳಗೆ ನಿಮ್ಮಿಂದ ಆಗದ್ದನ್ನೂ ಬರೆಯಿರಿ: ಬಾಡಿಗೆದಾರರನ್ನು ನೀವು ಬದಲಿಸಲಾರಿರಿ, ಕಟ್ಟಡ ಮಾರುವುದನ್ನು ನೀವೊಬ್ಬರೇ ತೀರ್ಮಾನಿಸಲಾರಿರಿ. ಸೈಟು ಕೊಂಡು ಬೆಳೆದವರಿಗೆ ಈ ವ್ಯತ್ಯಾಸ ಮೊದಲ ನಿಮಿಷದಲ್ಲೇ ತಿಳಿಯಬೇಕು. ತಿಳಿದ ಮೇಲೆ ಬೇಡ ಎಂದು ಹೋಗುವವರು ಹೋಗಲಿ, ಅದು ಅವರ ಹಕ್ಕು.

ಇನ್ನು "ಓದೋಕೆ ಆಗಲ್ಲ" ಎಂಬ ದೂರು. ಇಂಗ್ಲಿಷ್ ಅಳತೆಯಲ್ಲೇ ಕನ್ನಡ ಕೂರಿಸಿದರೆ ಹೀಗಾಗುತ್ತದೆ. ಸಾಲಿನ ಎತ್ತರ ಅಕ್ಷರ ಗಾತ್ರದ 1.2 ಪಟ್ಟು ಇದ್ದರೆ ಗುಂಡಿಯೊಳಗೆ ಒತ್ತುಗಳ ಕೆಳಭಾಗ ಕತ್ತರಿಸಿ ಹೋಗುತ್ತದೆ. "ರಾಷ್ಟ್ರೀಯ" ಮತ್ತು "ಸ್ವತ್ತು" ಎರಡನ್ನೂ ಪ್ರತಿ ಗುಂಡಿಯಲ್ಲಿ ಹಾಕಿ ನೋಡಿ, ತಕ್ಷಣ ಗೊತ್ತಾಗುತ್ತದೆ. 1.6 ಪಟ್ಟು ಇಡಿ, ಮೈ ಪಠ್ಯ 16 ಪಿಕ್ಸೆಲ್‌ಗಿಂತ ಕೆಳಗೆ ಬೇಡ, ಈ ವಯಸ್ಸಿನವರಿಗೆ 18 ಒಳ್ಳೆಯದು. ಗುಂಡಿಗೆ ಎತ್ತರ ನಿಗದಿ ಮಾಡಬೇಡಿ, ಎರಡು ಸಾಲಿಗೆ ಬೆಳೆಯಲು ಬಿಡಿ. ಅಕ್ಷರ ಎಣಿಸಿ ಕತ್ತರಿಸಿ ಮೂರು ಚುಕ್ಕಿ ಹಾಕುವುದಂತೂ ಕೂಡದು, ಒತ್ತಕ್ಷರದ ನಡುವೆ ಕತ್ತರಿ ಬಿದ್ದರೆ "ಸ್ವತ್ತು" ಹೋಗಿ "ಸ್ವತ್" ಉಳಿಯುತ್ತದೆ.

ವಾಕ್ಯದ ಅಚ್ಚುಗಳು (ಟೆಂಪ್ಲೇಟ್) ಮತ್ತೊಂದು ತೊಡಕು. ಕಟ್ಟಡದ ಹೆಸರಿಗೆ "ದಲ್ಲಿ" ಅಂಟಿಸುವ ಅಚ್ಚು ಬರೆದರೆ, ಒಂದು ಹೆಸರಿಗೆ "ಯಲ್ಲಿ" ಬೇಕು, ಇನ್ನೊಂದಕ್ಕೆ "ನಲ್ಲಿ". ಯಂತ್ರಕ್ಕೆ ಅದು ತಿಳಿಯದು. ಬದಲಾಗುವ ಪದಕ್ಕೆ ವಿಭಕ್ತಿ ಹತ್ತದಂತೆ ವಾಕ್ಯ ಕಟ್ಟಿ: "ಕಟ್ಟಡ:" ಎಂದು ಬರೆದು ಹೆಸರು, "ನಿಮ್ಮ ಯೂನಿಟ್:" ಎಂದು ಬರೆದು ಸಂಖ್ಯೆ. ಶೇಕಡಾ ಚಿಹ್ನೆಗೆ ಬದಲು "ಶೇ" ಬಳಸುವುದಾದರೆ ಅದು ಸಂಖ್ಯೆಗೆ ಮುಂಚೆ ಬರುತ್ತದೆ, ಅದಕ್ಕೂ ಅಚ್ಚು ಬೇರೆಯೇ ಬೇಕು. ಕನ್ನಡ ಲೊಕೇಲ್‌ನಲ್ಲಿ (ಆ್ಯಪ್ ಬಳಸುವ ಭಾಷಾ ನಿಯಮಗಳಲ್ಲಿ) ಸೊನ್ನೆಯೂ ಏಕವಚನದ ಗುಂಪಿಗೇ ಸೇರುತ್ತದೆ, "0 ಯೂನಿಟ್" ಎಂದು ಬರುವ ಪರದೆಗಳನ್ನು ಒಮ್ಮೆ ತೆರೆದು ನೋಡಿ. ಅದೇ ಲೊಕೇಲ್ ಕೊಟ್ಟರೆ ಅಂಕಿಗಳು 1, 2, 3 ಎಂದೇ ಬರುತ್ತವೆ, ಅಲ್ಪವಿರಾಮ ಲಕ್ಷ ಕೋಟಿಗೆ ಸರಿಯಾಗಿ ಬೀಳುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ. ಅಂಕಿಗಳನ್ನು ಹಾಗೇ ಬಿಡಿ, ಬ್ಯಾಂಕ್ ಸಂದೇಶದ ಅಂಕಿಯ ಜೊತೆ ಹೋಲಿಸಿ ನೋಡಲು ಅದೇ ಅನುಕೂಲ.

ಒಪ್ಪಿಗೆ ಪರದೆ ಕನ್ನಡದಲ್ಲಿ ಇದೆಯೇ? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಬೇರೆ ಪರದೆಗಳೆಲ್ಲ ಕನ್ನಡವಾಗಿ, ಸಹಿ ಹಾಕುವ ಪರದೆ ಮಾತ್ರ ಇಂಗ್ಲಿಷ್ ಆಗಿದ್ದರೆ ಅದು ದೊಡ್ಡ ಲೋಪ.

ಕೆವೈಸಿ_ಕೌಂಟರ್

ಎರಡು ಮತ್ತು ಮೂರನೇ ಪ್ರಶ್ನೆಗೆ.

ಡಿಮ್ಯಾಟ್ ಪರದೆಯಲ್ಲಿ ಅಂಕಿಗಳ ಕೀಲಿಮಣೆ ಮಾತ್ರ ತೆರೆಯುವಂತೆ ಮಾಡಿದ್ದೀರಾ, ಪರಿಶೀಲಿಸಿ. ಡಿಮ್ಯಾಟ್ ಖಾತೆಗಳನ್ನು ಇಡುವ ಸಂಸ್ಥೆಗಳು ಎರಡು, ಸಿಡಿಎಸ್‌ಎಲ್ ಮತ್ತು ಎನ್‌ಎಸ್‌ಡಿಎಲ್. ಸಿಡಿಎಸ್‌ಎಲ್ ಸಂಖ್ಯೆ 16 ಅಂಕಿ. ಎನ್‌ಎಸ್‌ಡಿಎಲ್ ಆದರೆ ಐಎನ್ ಎಂಬ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ 14 ಅಂಕಿ. ಅಂಕಿ ಕೀಲಿಮಣೆಯಲ್ಲಿ ಎನ್‌ಎಸ್‌ಡಿಎಲ್‌ನವರು ಮುಂದೆ ಹೋಗಲು ಸಾಧ್ಯವೇ ಇಲ್ಲ, ಏಕೆಂದು ಅವರಿಗೆ ತಿಳಿಯುವುದೂ ಇಲ್ಲ. ಮೊದಲು ಎರಡು ದೊಡ್ಡ ಗುಂಡಿ ಕೊಟ್ಟು ಯಾವುದು ಎಂದು ಆರಿಸಲು ಹೇಳಿ, ಐಎನ್ ಅನ್ನು ನೀವೇ ತುಂಬಿಡಿ, ಉಳಿದ ಅಂಕಿಗಳನ್ನು ನಾಲ್ಕು ನಾಲ್ಕಾಗಿ ಬಿಡಿಸಿ ತೋರಿಸಿ. ಸಂಖ್ಯೆ ಎಲ್ಲಿ ಸಿಗುತ್ತದೆ ಎಂಬುದಕ್ಕೆ ಸ್ಟೇಟ್‌ಮೆಂಟಿನ ಚಿತ್ರದಲ್ಲಿ ಆ ಜಾಗಕ್ಕೆ ಗುರುತು ಹಾಕಿ.

ಹೆಸರು ಹೊಂದದಿರುವುದು ನಮ್ಮ ಕಡೆ ಸರ್ವೇಸಾಮಾನ್ಯ. ಪ್ಯಾನ್‌ನಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆದಿರುತ್ತದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಒಂದು ರೂಪಾಯಿ ಹಾಕಿ ಬ್ಯಾಂಕ್ ಹೆಸರು ತಾಳೆ ನೋಡುವಾಗ ನಿಖರ ಹೋಲಿಕೆ ಇಟ್ಟರೆ ಸರಿಯಾದವರೇ ಹೊರಗುಳಿಯುತ್ತಾರೆ. ತಾಳೆಯಾಗದಿದ್ದರೆ "ವಿಫಲ" ಎಂದು ಕೆಂಪು ತೋರಿಸಬೇಡಿ. ಎರಡೂ ಹೆಸರುಗಳನ್ನು ಮೇಲೆ ಕೆಳಗೆ ಇಟ್ಟು "ಇಬ್ಬರೂ ನೀವೇನಾ?" ಎಂದು ಕೇಳಿ, ಮನುಷ್ಯರ ಪರಿಶೀಲನೆಗೆ ಕಳಿಸಿ, ಎಷ್ಟು ಹೊತ್ತಿನಲ್ಲಿ ಉತ್ತರ ಸಿಗುತ್ತದೆ ಎಂದು ಬರೆಯಿರಿ.

ಹಣ ಕಟ್ಟುವ ಪರದೆ. ಸಾರ್ವಜನಿಕ ವಿತರಣೆಯಲ್ಲಿ ಯುಪಿಐ ಮೂಲಕ ಅರ್ಜಿ ಹಾಕುವ ಮಿತಿ 5 ಲಕ್ಷ. ನಿಮ್ಮ ಕನಿಷ್ಠ ಮೊತ್ತವೇ 10 ಲಕ್ಷ. ಆದ್ದರಿಂದ ಅಲ್ಲಿ ಯುಪಿಐ ಗುರುತು ಕಾಣಲೇಬಾರದು, ದಾರಿ ಬ್ಯಾಂಕಿನ ಆಸ್ಬಾ (ಅರ್ಜಿಯ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಸೌಲಭ್ಯ) ಮಾತ್ರ. ಆ ಸೌಲಭ್ಯ ಎಲ್ಲ ಬ್ಯಾಂಕುಗಳಲ್ಲೂ ಇಲ್ಲ. ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ಅನೇಕವು ಆ ಪಟ್ಟಿಯಲ್ಲಿಲ್ಲ, ನಮ್ಮ ಊರುಗಳಲ್ಲಿ ಉಳಿತಾಯ ಇರುವುದು ಅಲ್ಲೇ. ಹಾಗಾಗಿ "ನಿಮ್ಮ ಬ್ಯಾಂಕ್ ಯಾವುದು?" ಎಂಬ ಪ್ರಶ್ನೆ ಕೊನೆಯ ಪರದೆಯಿಂದ ಎರಡನೇ ಪರದೆಗೆ ಬರಲಿ. ಬ್ಯಾಂಕ್ ಪಟ್ಟಿಯಲ್ಲಿಲ್ಲದಿದ್ದರೆ ಅಲ್ಲೇ ಹೇಳಿ, ಹಣವನ್ನು ಪಟ್ಟಿಯಲ್ಲಿರುವ ತಮ್ಮದೇ ಬೇರೆ ಬ್ಯಾಂಕ್ ಖಾತೆಗೆ ಸಾಗಿಸಲು ಅವರಿಗೆ ದಿನಗಳು ಬೇಕು.

ಅಪ್ಪನ ಅರ್ಜಿಗೆ ಮಗನ ಬ್ಯಾಂಕ್ ಖಾತೆಯಿಂದ ಹಣ ಕಟ್ಟಲು ಹೋಗುವುದು ಮತ್ತೊಂದು ತಪ್ಪು. ಬೇರೆಯವರ ಖಾತೆಯ ಅರ್ಜಿ ತಿರಸ್ಕೃತವಾಗುತ್ತದೆ. "ಪ್ಯಾನ್, ಡಿಮ್ಯಾಟ್, ಬ್ಯಾಂಕ್ ಮೂರೂ ಒಬ್ಬರದೇ ಹೆಸರಲ್ಲಿ" ಎಂಬ ಸಾಲು ಗುಂಡಿಯ ಮೇಲೇ ಇರಲಿ.

ಆಸ್ಬಾದಲ್ಲಿ ಹಣ ಹೋಗುವುದಿಲ್ಲ, ಅವರ ಉಳಿತಾಯ ಖಾತೆಯಲ್ಲೇ ಇದ್ದು ಬಡ್ಡಿ ಬರುತ್ತಿರುತ್ತದೆ, ತೆಗೆಯಲು ಮಾತ್ರ ಆಗದು. "ತಡೆಹಿಡಿಯಲಾಗಿದೆ" ಎಂಬ ಒಂದೇ ಪದ ನೋಡಿ ಜನ ಗಾಬರಿಯಾಗುತ್ತಾರೆ. "ನಿಮ್ಮ ₹10,00,000 ನಿಮ್ಮ ಬ್ಯಾಂಕ್ ಖಾತೆಯಲ್ಲೇ ಇದೆ. ಯೂನಿಟ್ ಸಿಕ್ಕರೆ ಮಾತ್ರ ಕಡಿತ, ಸಿಗದಿದ್ದರೆ ತೆರವು" ಎಂದು ಬರೆದು ಎರಡೂ ದಿನಾಂಕ ಹಾಕಿ.

ಪ್ಯಾನ್, ಆಧಾರ್ ಕೇಳುವ ಮುಂಚೆಯೇ ಕಟ್ಟಡದ ಎಲ್ಲ ವಿವರ ತೆರೆದಿಡಿ. ಈ ಮೊತ್ತವನ್ನು ಒಬ್ಬರೇ ಕೂತು ತೀರ್ಮಾನಿಸುವುದಿಲ್ಲ, ಮನೆಯವರಿಗೆ ತೋರಿಸುತ್ತಾರೆ, ಆಡಿಟರ್‌ಗೆ ಕಳಿಸುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಹೋಗುವಂತೆ ಒಂದು ಪುಟದ ಕನ್ನಡ ಪಿಡಿಎಫ್ ಕೊಡಿ, ಅದರಲ್ಲಿ ದಿನಾಂಕ, ಮೇಲಿನ ಕಳೆಯುವ ಲೆಕ್ಕ, ಬಾಡಿಗೆ ಪಟ್ಟಿ ಇರಲಿ.

ಮಲ್ನಾಡ್_ಡಿಸೈನರ್

ತುಂಬಾ ಉಪಕಾರ. ಡಿಮ್ಯಾಟ್ ಪರದೆಯಲ್ಲಿ ಅಂಕಿ ಕೀಲಿಮಣೆಯೇ ಇತ್ತು, ಬದಲಿಸುತ್ತಿದ್ದೇವೆ. ಇನ್ನೆರಡು ಸಂಶಯ. ಕಟ್ಟಡ ಖಾಲಿಯಾದರೆ ಏನಾಗುತ್ತದೆ ಎಂಬುದನ್ನು ಎಳೆಯುವ ಸ್ಲೈಡರ್ ಆಗಿ ತೋರಿಸೋಣವೇ? ಮತ್ತು ಹೂಡಿಕೆಯ ನಂತರದ ಮುಖಪುಟದಲ್ಲಿ "ಇಂದಿನ ಮೌಲ್ಯ" ಯಾವುದನ್ನು ಹಾಕಬೇಕು?

ಒತ್ತಕ್ಷರ

ಸ್ಲೈಡರ್ ಒಳ್ಳೆಯದೇ. ಸ್ವತಃ ಎಳೆದು ನೋಡಿದಾಗ ಸಂಖ್ಯೆ ಇಳಿಯುವುದು ಮನಸ್ಸಿಗೆ ನಾಟುತ್ತದೆ.

ಬಾಡಿಗೆ_ಲೆಕ್ಕ

ನಾನು ಒಪ್ಪುವುದಿಲ್ಲ. ಸ್ಲೈಡರನ್ನು ಜನ ಎಳೆಯುವುದು ತಮಗೆ ಬೇಕಾದ ಕಡೆಗೆ, ಇಲ್ಲವೇ ಮುಟ್ಟುವುದೇ ಇಲ್ಲ. ಮುಟ್ಟದವರಿಗೆ ಕಾಣುವುದು ನೀವು ಮೊದಲೇ ಇಟ್ಟ ಸುಖದ ಸಂಖ್ಯೆ. ಬದಲಿಗೆ, ಬದಲಾಯಿಸಲಾಗದ ಒಂದು "ಕೆಟ್ಟ ವರ್ಷ" ಸಾಲನ್ನು ಒಳ್ಳೆಯ ವರ್ಷದ ಪಕ್ಕದಲ್ಲೇ ಅದೇ ಗಾತ್ರದಲ್ಲಿ ಇಡಿ.

ಅದೇ ಮಾದರಿ: ಶೇ 60 ಬಾಡಿಗೆ ಕೊಡುವವರು ಹೊರಟರು. 9 ತಿಂಗಳು ಖಾಲಿ, ಹೊಸಬರಿಗೆ ಒಳಾಂಗಣ ಮಾಡಿಕೊಳ್ಳಲು 3 ತಿಂಗಳು ಬಾಡಿಗೆ ಇಲ್ಲ. 5.1 ಕೋಟಿ ಹೋಯಿತು, ಬಂದದ್ದು 3.4 ಕೋಟಿ. ಮಾಮೂಲಿ ಖರ್ಚು 1.3 ಕೋಟಿ. ಖಾಲಿ ಬಿದ್ದ 50,000 ಚದರ ಅಡಿಗೆ ನಿರ್ವಹಣಾ ಶುಲ್ಕ ತಿಂಗಳಿಗೆ ಅಡಿಗೆ 15 ರೂಪಾಯಿಯಂತೆ 9 ತಿಂಗಳಿಗೆ 67.5 ಲಕ್ಷ, ಅದನ್ನು ಈಗ ಮಾಲೀಕರೇ ಭರಿಸಬೇಕು. ಬ್ರೋಕರ್‌ಗೆ ಎರಡು ತಿಂಗಳ ಬಾಡಿಗೆ 85 ಲಕ್ಷ. ಉಳಿದದ್ದು 57.5 ಲಕ್ಷ. ಯೂನಿಟ್‌ಗೆ ಆ ವರ್ಷ 5,227 ರೂಪಾಯಿ. ಕಾರ್ಡಿನಲ್ಲಿ "ಎಲ್ಲ ತುಂಬಿದ್ದರೆ ₹65,454, ದೊಡ್ಡ ಬಾಡಿಗೆದಾರರು ಬಿಟ್ಟ ವರ್ಷ ₹5,227" ಎಂದಿದ್ದರೆ ಸ್ಲೈಡರ್ ಹೇಳುವುದಕ್ಕಿಂತ ಹೆಚ್ಚು ತಿಳಿಯುತ್ತದೆ. ಪಿಂಚಣಿ ಹಣ ಹಾಕುವವರು ಇದನ್ನು ನೋಡಿಯೇ ಹಾಕಬೇಕು.

ಮುಖಪುಟದ ಮೌಲ್ಯದ ಬಗ್ಗೆ. ಮೌಲ್ಯಮಾಪಕರ ಅಂದಾಜು ಬೇರೆ, ಪೇಟೆಯಲ್ಲಿ ಕೊನೆಯದಾಗಿ ಕೈಬದಲಾದ ಬೆಲೆ ಬೇರೆ. ಪಟ್ಟಿಯಾಗಿದ್ದರೂ 10 ಲಕ್ಷದ ಯೂನಿಟ್‌ಗಳ ವಹಿವಾಟು ತೆಳು. ಅಂದಾಜನ್ನು ಹಸಿರು ಬಣ್ಣದಲ್ಲಿ "ಇಂದಿನ ಮೌಲ್ಯ" ಎಂದು ತೋರಿಸಿದರೆ, ಮಾರಲು ಹೋದ ದಿನ ನಂಬಿಕೆ ಮುರಿಯುತ್ತದೆ. ಮೂರು ಸಾಲು ಇಡಿ: ಅಂದಾಜು ಮತ್ತು ಅದರ ದಿನಾಂಕ, ಕೊನೆಯ ವ್ಯಾಪಾರದ ಬೆಲೆ ಮತ್ತು ಅದು ಎಷ್ಟು ದಿನಗಳ ಹಿಂದಿನದು, ಈಗ ಕೊಳ್ಳಲು ಕಾದಿರುವ ಅತಿ ಹೆಚ್ಚಿನ ಬೆಲೆ ಮತ್ತು ಎಷ್ಟು ಯೂನಿಟ್‌ಗೆ. ಕೊಳ್ಳುವವರಿಲ್ಲದ ದಿನ "ಈಗ ಯಾರೂ ಕೇಳುತ್ತಿಲ್ಲ" ಎಂದೇ ಬರೆಯಿರಿ. ಮಾರುವ ಪರದೆಯಲ್ಲಿ ಕೊಂಡ ದಿನಾಂಕವೂ ಕಾಣಲಿ. ಪಟ್ಟಿಯಾದ ಯೂನಿಟ್‌ಗೆ ದೀರ್ಘಾವಧಿ ಎಂದರೆ 12 ತಿಂಗಳು, ಸೈಟಿನ 24 ತಿಂಗಳ ಲೆಕ್ಕ ತಲೆಯಲ್ಲಿಟ್ಟುಕೊಂಡವರು ತಪ್ಪು ತಿಳಿಯುತ್ತಾರೆ.

ಕೆವೈಸಿ_ಕೌಂಟರ್

ಹಸಿರು ಪಟ್ಟಿಯ ಬಗ್ಗೆ ಯಾರೂ ಹೇಳಲಿಲ್ಲ. "ಕೇವಲ 3 ಯೂನಿಟ್ ಉಳಿದಿವೆ", ಓಡುವ ಗಡಿಯಾರ ಇಂಥವು ಬೇಡ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಸುಳ್ಳು ತುರ್ತು ಮೊದಲನೆಯದು, ಖರ್ಚನ್ನು ಹಂತಹಂತವಾಗಿ ಹೊರಬಿಡುವುದೂ ಅದರಲ್ಲಿದೆ. ಎಷ್ಟು ಅರ್ಜಿ ಬಂದಿದೆ ಎಂಬ ನಿಜವಾದ ಸಂಖ್ಯೆಯನ್ನು ಗಂಟೆ ನಿಮಿಷದೊಂದಿಗೆ ಹಾಕಿ, ಸಾಕು.

ದಾಖಲೆಗಳ ಪುಟದಲ್ಲಿ "ಇಸಿ ✓" (ಇಸಿ ಎಂದರೆ ಋಣಭಾರ ಪ್ರಮಾಣಪತ್ರ) ಎಂದು ಹಸಿರು ಗುರುತು ಹಾಕಿದ್ದರೆ ಅದನ್ನೂ ತೆಗೆಯಿರಿ. ಇಸಿಗೆ ಅವಧಿ ಇರುತ್ತದೆ, ಆನ್‌ಲೈನ್‌ನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ, ಕೋರ್ಟಿನಲ್ಲಿರುವ ದಾವೆ ಅಲ್ಲಿ ಕಾಣದೆ ಇರಬಹುದು. "ಇಸಿ, ಇಂಥ ದಿನದಿಂದ ಇಂಥ ದಿನದವರೆಗೆ, ಇಂಥ ದಿನ ತೆಗೆದದ್ದು" ಎಂದು ಬರೆದು ಪ್ರತಿಯನ್ನೇ ತೆರೆಯುವಂತೆ ಮಾಡಿ. ಓಸಿ (ಕಟ್ಟಡ ಬಳಸಲು ಸ್ಥಳೀಯ ಸಂಸ್ಥೆ ಕೊಡುವ ಪತ್ರ), ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ತೆರಿಗೆ ರಸೀದಿಗೂ ಇದೇ ಕ್ರಮ. ಬಾಡಿಗೆ ಕರಾರು ಸ್ಕ್ಯಾನ್ ಮಾಡಿದ ಅರವತ್ತು ಪುಟದ ಪಿಡಿಎಫ್ ಆಗಿದ್ದರೆ ಮೊಬೈಲಿನಲ್ಲಿ ಯಾರೂ ಓದಲಾರರು. ಲಾಕ್‌ಇನ್, ನೋಟಿಸ್, ಠೇವಣಿ, ಬಾಡಿಗೆ ಏರಿಕೆ ಈ ನಾಲ್ಕು ಷರತ್ತುಗಳ ಪುಟಕ್ಕೆ ನೇರ ಕೊಂಡಿ ಕೊಡಿ.

ವ್ಯವಸ್ಥಾಪಕ ಕಂಪನಿ ಸ್ವತಃ ಎಷ್ಟು ಯೂನಿಟ್ ಇಟ್ಟುಕೊಂಡಿದೆ ಎಂಬುದನ್ನೂ ಅದೇ ಪುಟದಲ್ಲಿ ಹಾಕಿ. ಸಾಲವಿಲ್ಲದ ಯೋಜನೆಯಾದರೆ ಕನಿಷ್ಠ ಶೇ 5, ಸಾಲವಿರುವುದಾದರೆ ಶೇ 15, ಪಟ್ಟಿಯಾದ ಮೇಲೆ ಮೂರು ವರ್ಷ. ದುಡ್ಡು ಹಾಕುವವರು "ನೀವೆಷ್ಟು ಹಾಕಿದ್ದೀರಿ?" ಎಂದು ಕೇಳಿಯೇ ಕೇಳುತ್ತಾರೆ.